ಬಾನಿಯ ಪದ್ಯ

"ಈ ನೀಲಿಗೆ ಏನು ಬಂತು?"

ಚಿಕ್ಕಕ್ಕ ಕೇಳಿದ್ದು ಯಾರನ್ನೂ ಅಲ್ಲ. ಕೈಯಲ್ಲಿದ್ದ ನೂಲಿನ ಲಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, ಸುಮ್ಮನೆ ಗಾಳಿಗೆ ಕೇಳಿದಳು. ಬಣ್ಣದ ಮನೆಯ ಐದು ಜನ ಹೆಂಗಸರು ತಲೆ ಎತ್ತದೆ ತಂತಮ್ಮ ಬಾನಿಗಳ ಮೇಲೆ ಬಗ್ಗಿಕೊಂಡೇ ಇದ್ದರು. ಲಡಿ ನೀಲಿಯೇನೋ ಆಗಿತ್ತು. ಆದರೆ ಅದು ನೂರು ಸಲ ಒಗೆದ ಅಂಗಿಯ ನೀಲಿ. ಇವರ ನೂಲನ್ನೆಲ್ಲ ಕೊಳ್ಳುತ್ತಿದ್ದ ನೇಯ್ಗೆಯವರು ಎರಡು ಸಲ ಮಾಲು ವಾಪಸು ಕಳಿಸಿಯಾಗಿತ್ತು. ಈ ವಾರದೊಳಗೆ ಹಳೆಯ ನೀಲಿಯ ಒಂದೇ ಒಂದು ಲಡಿ ತೋರಿಸಿ, ಇಲ್ಲದಿದ್ದರೆ ನಮ್ಮ ದಾರಿ ನಮಗೆ ಎಂದು ಹೇಳಿ ಕಳಿಸಿದ್ದರು. ಅವರು ಕೈಬಿಟ್ಟರೆ ಬಣ್ಣದ ಮನೆಗೆ ಬೀಗವೇ ಗತಿ.

ಹಳೆಯ ನೀಲಿ ದೊಡ್ಡಕ್ಕನದು. ಚಿಕ್ಕಕ್ಕನ ಒಡಹುಟ್ಟಿದವಳು, ಹದಿನಾಲ್ಕು ವರ್ಷ ದೊಡ್ಡವಳು, ತಾಯಿ ಹೋದ ಮೇಲೆ ತಾಯಿ. ಲಡಿ ಬಾನಿಯಲ್ಲಿ ಎಷ್ಟು ಹೊತ್ತು ಮುಳುಗಿರಬೇಕು ಎಂಬುದಕ್ಕೆ ಆ ಮನೆಯಲ್ಲಿ ಗಡಿಯಾರ ಇರಲಿಲ್ಲ, ಒಂದು ಪದ್ಯ ಇತ್ತು. ಅಜ್ಜಿಯ ಬಾಯಿಂದ ಬಂದ ಎಂಟು ಸಾಲು. ದೇವರು ಬಾಗಿಲಿಗೆ ಬಂದು ನಿಂತಿದ್ದಾನೆ, ಒಳಗಿನ ಹೆಂಗಸಿನ ಕೈ ಕೆಲಸದಲ್ಲಿದೆ. ಸ್ವಲ್ಪ ನಿಲ್ಲು ತಂದೆ, ಕೈ ಒರೆಸಿಕೊಂಡು ಬಂದೆ ಎನ್ನುತ್ತಾಳೆ ಅವಳು. ಇಷ್ಟೇ ಅದರ ಅರ್ಥ. ಮೊದಲ ಮಾತಿಗೆ ಲಡಿ ಒಳಗೆ, ಕೊನೆಯ ಮಾತಿಗೆ ಹೊರಗೆ. ಹೊರಬಂದ ನೂಲು ಮೊದಲು ಹಸಿರಾಗಿದ್ದು, ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ನೀಲಿಗೆ ತಿರುಗುತ್ತಿತ್ತು. ಅಷ್ಟು ವರ್ಷ ಕಂಡರೂ ದೊಡ್ಡಕ್ಕ ಪ್ರತಿ ಸಲ ಒದ್ದೆ ಕೈ ಜೋಡಿಸುತ್ತಿದ್ದಳು. ದೇವರು ಬಂದನಲ್ಲ ಎಂಬಂತೆ.

ಸಣ್ಣ ಕಸುಬಿನವರಿಗೆಂದು ನಲವತ್ತು ದಿನದ ತರಬೇತಿ ನಡೆದಾಗ ಹೋದವಳು ಚಿಕ್ಕಕ್ಕ. ಅಲ್ಲಿಯ ಮೇಷ್ಟ್ರು ಒಳ್ಳೆಯ ಮನುಷ್ಯ. "ನಿಮ್ಮಕ್ಕ ನಾಳೆ ಹಾಸಿಗೆ ಹಿಡಿದ್ರೆ ನಿಮ್ಮ ನೀಲಿ ಎಲ್ಲಿರುತ್ತಮ್ಮ? ಒಬ್ಬರ ಬಾಯಲ್ಲಿರೋದು ಎಲ್ಲರ ಕಣ್ಣಿಗೂ ಕಾಣೋ ಹಾಗೆ ಗೋಡೆ ಮೇಲೆ ಬರ್ಬೇಕು" ಎಂದಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ಮಧ್ಯಾಹ್ನ ಅವರೇ ಬಂದು ನೋಡಿದರು. ದೊಡ್ಡಕ್ಕ ಪದ್ಯ ಹೇಳಿ ಅದ್ದಿದಳು, ಚಿಕ್ಕಕ್ಕ ಸಮಯ ಹಿಡಿದಳು. ನಲವತ್ತು ಸೆಕೆಂಡು. ಆಮೇಲೆ ಗೋಡೆಗೆ ಅದ್ದುವ ಹೊತ್ತು ಬರೆದ ಪಟ್ಟಿ ಬಂತು, ಪಟ್ಟಿಯ ಪಕ್ಕ ಗಡಿಯಾರ ಬಂತು. ಎಲ್ಲರಿಗಿಂತ ಮೊದಲು ಪಟ್ಟಿ ಮುಗಿಸಿದವಳೆಂದು ತರಬೇತಿಯಲ್ಲಿ ಚಪ್ಪಾಳೆ ತಟ್ಟಿದರು.

ಆ ವಾರವೇ ಅವಳು ಅಕ್ಕನಿಗೆ ಹೇಳಿದ್ದು: "ಅಕ್ಕಾ, ನೀನು ಪದ್ಯ ಹೇಳ್ತಿದ್ರೆ ಇವರಿಗೆ ಎಣಿಕೆ ತಪ್ಪುತ್ತೆ ಕಣೆ. ಸ್ವಲ್ಪ ಸುಮ್ನಿರ್ತೀಯಾ?"

ದೊಡ್ಡಕ್ಕ ಸುಮ್ಮನಾದಳು. ಎರಡು ತಿಂಗಳು ಎಲ್ಲರಂತೆ ಗಡಿಯಾರ ನೋಡಿಯೇ ಅದ್ದಿದಳು. ಆಮೇಲೆ ಮಂಡಿನೋವು ಎಂದು ಮೇಲಿನ ಕೋಣೆ ಸೇರಿ, ಗಂಟಾದ ನೂಲು ಬಿಡಿಸುವ ಕೆಲಸ ಹಿಡಿದಳು. ಕೆಳಗಿಳಿಯಲಿಲ್ಲ.

"ಪುಡಿ ಸರಿಯಿಲ್ಲ ಅಂತ ಬದಲಾಯಿಸಿದ್ದಾಯ್ತು, ನೀರು ಬದಲಾಯಿಸಿದ್ದಾಯ್ತು" ಎಂದು ಈಗ ಚಿಕ್ಕಕ್ಕ ಲಡಿಯನ್ನು ಮೇಜಿನ ಮೇಲೆ ಎಸೆದಳು. "ಇನ್ನು ನನ್ನನ್ನೇ ಬದಲಾಯಿಸ್ಬೇಕು."

"ಅದಕ್ಕೂ ಒಂದು ಪಟ್ಟಿ ಮಾಡಿ, ಗೋಡೇಲಿ ಜಾಗ ಇದೆ" ಎಂದಳು ನೂಲು ಹಿಂಡುವ ಹೆಂಗಸು. ಅವಳ ಬಾಯಿಗೆ ಬಿಡುವಿಲ್ಲವೆಂದು ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಿದ್ದರು. ಉಳಿದವರು ಸೆರಗಿನಲ್ಲಿ ನಕ್ಕರು. ರೇಡಿಯೋ ಮಾತ್ರ ನಗದೆ ಮುಂದುವರಿಸಿದಳು: "ಚಿಕ್ಕಕ್ಕ, ಬೈಬೇಡಿ. ಆ ನಲವತ್ತು ಸೆಕೆಂಡು ಇದೆಯಲ್ಲ, ಅವತ್ತು ದೊಡ್ಡಕ್ಕ ಪದ್ಯಾನ ಓಡಿಸಿಬಿಟ್ರು."

"ಓಡಿಸಿದ್ಲಾ?"

"ಮತ್ತೆ? ಮೇಷ್ಟ್ರು ನಿಂತೇ ಇದ್ರು, ಕೂರೋಕೆ ಒಂದು ಕುರ್ಚಿ ಇರ್ಲಿಲ್ಲ. ಮನೆಗೆ ಬಂದವರನ್ನ ನಿಲ್ಲಿಸ್ಕೊಂಡು ಹೇಗೆ ಎಳೆದು ಹೇಳ್ಲಿ ಅಂತ ಗಡಗಡ ಹೇಳಿ ಮುಗಿಸಿದ್ರು. ಬೇರೆ ದಿನ ಆದ್ರೆ ಬಾನಿ ವಾಸನೆ ನೋಡಿ ಹೇಳೋರು. ಚಳಿ ಇದ್ರೆ ಒಂದೊಂದು ಸಾಲೂ ಎಳೆದು ಎಳೆದು. ಬಾನಿಯ ಬಣ್ಣ ಸೋತಿದ್ರೆ ಕೊನೆ ಸಾಲು ಎರಡು ಸಲ."

"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ ನೀನು?"

"ಕೇಳಿದ್ರೆ ತಾನೆ?"

ಚಿಕ್ಕಕ್ಕ ಬೀರುವಿನಿಂದ ತರಬೇತಿಯ ಪುಸ್ತಕ ತೆಗೆದಳು. ಮೇಷ್ಟ್ರ ದುಂಡಗಿನ ಅಕ್ಷರ ಅಲ್ಲೇ ಇತ್ತು: ಮೂರು ಬೇರೆ ಬೇರೆ ದಿನ, ಬೇರೆ ಬೇರೆ ಹವೆಯಲ್ಲಿ ಅಳೆದು ಬರೆಯಿರಿ. ಅದರ ಕೆಳಗೆ ಗೆರೆ ಎಳೆದ ಮೂರು ಚೌಕ ಇದ್ದವು. ಮೂರರಲ್ಲೂ ನಲವತ್ತು, ನಲವತ್ತು, ನಲವತ್ತು. ಒಂದೇ ಪೆನ್ನು, ಒಂದೇ ಸಲ ಕೂತು ಬರೆದದ್ದು, ಅವಳದೇ ಕೈ. ದಿನಾ ಹೇಳುವ ಪದ್ಯ, ಅದರಲ್ಲಿ ಅಳೆಯುವುದೇನು ಎಂದು ಅವತ್ತು ಅನ್ನಿಸಿತ್ತು. ಮೊದಲು ಮುಗಿಸುವ ಆತುರವೂ ಇತ್ತು. ಚಪ್ಪಾಳೆ ಈಗ ಕಿವಿಯಲ್ಲಿ ಕೇಳಿ, ಪುಸ್ತಕ ಮುಚ್ಚಿದಳು.

ಲಡಿ ಅದ್ದಿ ತಾನೇ ಪದ್ಯ ಹೇಳಿ ನೋಡಿದಳು. ಎಂಟು ಸಾಲೂ ಬಾಯಿಗೆ ಬಂದವು. ಎಲ್ಲಿ ಎಷ್ಟು ಎಳೆಯಬೇಕೋ ತಿಳಿಯಲಿಲ್ಲ. ಲಡಿ ಈ ಸಲ ಕಪ್ಪಿಟ್ಟಿತು.

ಮೆಟ್ಟಿಲು ಹತ್ತಿ ಹೋದಾಗ ದೊಡ್ಡಕ್ಕ ಕಿಟಕಿಯ ಬುಡದಲ್ಲಿ ಕೂತು ಗಂಟು ಬಿಡಿಸುತ್ತಿದ್ದಳು. ಜೀವಮಾನವಿಡೀ ಮಣಿಕಟ್ಟಿನವರೆಗೆ ನೀಲಿಯಾಗಿದ್ದ ಕೈ ಈಗ ಬರೀ ಕೈಯಾಗಿತ್ತು. ಉಗುರಿನ ತುದಿಯಲ್ಲಷ್ಟೇ ಒಂದು ಎಳೆ ನೀಲಿ ಉಳಿದಿತ್ತು. ಇನ್ನೊಂದು ಸಲ ಉಗುರು ತೆಗೆದರೆ ಅದೂ ಇಲ್ಲ.

ಚಿಕ್ಕಕ್ಕ ಅವಳ ಕಾಲ ಬಳಿ ಕೂತು ಎಲ್ಲ ಹೇಳಿದಳು. ವಾಪಸು ಬಂದ ಮಾಲು, ಕುರ್ಚಿ, ಮೂರು ನಲವತ್ತು.

"ಹೌದು, ಅವತ್ತು ಓಡಿಸಿದೆ" ಎಂದಳು ದೊಡ್ಡಕ್ಕ. "ನಾಳೆ ಇನ್ನೊಂದು ಸಲ ಹೇಳು ಅಂತೀಯ ಅಂದ್ಕೊಂಡಿದ್ದೆ."

"ತಪ್ಪಾಯ್ತಕ್ಕ. ಗಡಿಯಾರ ತೆಗೆಸ್ತೀನಿ. ಕೆಳಗೆ ಬಾ. ಮೊದಲಿನ ಹಾಗೆ ಹೇಳು. ನಾನೂ ಪಕ್ಕದಲ್ಲಿ ನಿಂತು ಕಲೀತೀನಿ."

ದೊಡ್ಡಕ್ಕ ಒಂದು ಗಂಟನ್ನು ಹಲ್ಲಿನಿಂದ ಸಡಿಲಿಸಿ, ಎಳೆಯನ್ನು ನಿಧಾನವಾಗಿ ಎಳೆದಳು. "ಗಡಿಯಾರ ಗೋಡೇಲಿಲ್ಲ ಪುಟ್ಟಿ. ಇಲ್ಲಿದೆ." ಎದೆ ಮುಟ್ಟಿಕೊಂಡಳು. "ಆ ಎರಡು ತಿಂಗಳು ಅದನ್ನೇ ನೋಡ್ತಾ ಅದ್ದಿದ್ನಲ್ಲ, ಪದ್ಯದೊಳಗೆ ಹೊಕ್ಬಿಟ್ಟಿದೆ. ಬೆಳಗ್ಗೆ ದೀಪ ಹಚ್ಚಿ ಶುರು ಮಾಡ್ತೀನಿ, ಎರಡನೇ ಸಾಲಿಗೇ ಹತ್ತು ಸೆಕೆಂಡು ಆಯ್ತು ಅನ್ಸುತ್ತೆ. ಮೊದ್ಲು ಬಾಗಿಲಲ್ಲಿ ಅವನು ನಿಂತಿರೋದು ಕಾಣೋದು. ಈಗ ಬರೀ ಮುಳ್ಳು ಕಾಣುತ್ತೆ."

ಕೆಳಗೆ ಯಾರೋ ಲಡಿ ಹಿಂಡಿದ ನೀರು ಬಾನಿಗೆ ಸುರಿಯಿತು. ಚಿಕ್ಕಕ್ಕ ಅಕ್ಕನ ಮಡಿಲಿಗೆ ತಲೆ ಇಟ್ಟಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಈ ಮಡಿಲಲ್ಲೇ ಮಲಗಿ ಆ ಎಂಟು ಸಾಲು ಕೇಳುತ್ತ ನಿದ್ದೆ ಹೋಗುತ್ತಿದ್ದಳು. ದೊಡ್ಡಕ್ಕನ ಕೈ ಅವಳ ಕೂದಲ ಮೇಲೆ ಬಂತು, ಎಂದಿನ ಹಾಗೆಯೇ.

"ಬಾನಿಗೆ ಬೇಡ, ನೂಲಿಗೆ ಬೇಡ. ಬಣ್ಣದ ಮನೆ ಹಾಳಾಗಿ ಹೋಗ್ಲಿ. ನನಗೋಸ್ಕರ ಒಂದೇ ಒಂದು ಸಲ ಹೇಳಕ್ಕ."

ಕೈ ನಿಂತಿತು.

"ಇಲ್ಲ ಪುಟ್ಟಿ" ಎಂದಳು ದೊಡ್ಡಕ್ಕ. "ಆ ಮುಳ್ಳು ನೋಡ್ತಾ ನಿನಗೆ ಹೇಳಲ್ಲ."