ಬಿತ್ತನೆ ಎಂಬ ಸ್ನ್ಯಾಪ್‌ಶಾಟ್

೧
ಎಲ್ಲಿಂದ ಶುರು ಮಾಡಲಿ? ‘ಕೊಳ್ಳೇಗಾಲದ ಸಮುದಾಯ ರೇಡಿಯೋದಲ್ಲಿ ಡಿಸ್ಕ್ ರಿಸೈಜ್ ಫೇಲ್ ಆಯಿತು’ ಎಂದರೆ ನೀವು ಇಲ್ಲೇ ಪುಟ ತಿರುವುತ್ತೀರಿ. ಲೊಕ್ಕನಹಳ್ಳಿಯ ಅಟ್ಟಣೆಯಿಂದ ಶುರು ಮಾಡಿದರೆ ಶಿವರಂಜನಿ ಒಪ್ಪುವುದಿಲ್ಲ. ಅವಳು ರೇಡಿಯೋದ ಟೆಕ್ನಿಷಿಯನ್, ಕಥೆ ಅವಳದು.

“ಮೊದ್ಲು ಪ್ರಾಬ್ಲಂ ಯೋಳಿ ಸಾ, ಅಟ್ಟಣೆ ಆಮ್ಯಾಕೆ.”

ಸರಿ ತಾಯಿ.

೨
ರೇಡಿಯೋದ ಹಳೆಯ ದನಿಗಳೆಲ್ಲ ಕ್ಲೌಡ್‌ನಲ್ಲಿವೆ. ಡಿಸ್ಕ್ ತುಂಬಿಹೋಗಿ, ಯಳಂದೂರಿನಿಂದ ಬರಬೇಕಾದ ಹೊಸ ಹಾಡುಗಳಿಗೆ ಜಾಗವಿಲ್ಲ. ದೊಡ್ಡದು ಮಾಡಲು ಹೋದಾಗಲೆಲ್ಲ ಸಾಫ್ಟ್‌ವೇರ್‌ನದು ಒಂದೇ ರಾಗ: ಸ್ನ್ಯಾಪ್‌ಶಾಟ್ ಇದೆ, ಅಳಿಸಿ, ಆಮೇಲೆ ಬನ್ನಿ. (ಸ್ನ್ಯಾಪ್‌ಶಾಟ್ ಎಂದರೆ ಡಿಸ್ಕ್ ಒಂದು ದಿನ ಹೇಗಿತ್ತೋ ಹಾಗೇ ಎತ್ತಿಟ್ಟದ್ದು. ನಾನೂ ಅವಳನ್ನು ಕೇಳಿಯೇ ಬರೆದೆ.)

ಎತ್ತಿಟ್ಟವನು ಅವಳಿಗಿಂತ ಮುಂಚೆ ಇಲ್ಲಿದ್ದ ಮಧುವನಹಳ್ಳಿಯ ಪ್ರಭುಸ್ವಾಮಿ. ಹಳೆಯ ದನಿಗಳಿಂದ ಗದ್ದಲ ತೆಗೆಯುವ ಮುನ್ನ, ಉಣ್ಣುವ ಮೊದಲೇ ಬಿತ್ತನೆ ರಾಗಿ ಎತ್ತಿಡುವ ಮನೆಯವರ ಹಾಗೆ ಇದ್ದದ್ದನ್ನೆಲ್ಲ ಎತ್ತಿಟ್ಟು, ‘ಬಿತ್ತನೆ, ಮುಟ್ಟಬೇಡಿ’ ಎಂದು ಹೆಸರಿಟ್ಟ. ನಾಲ್ಕು ದಿನ ಇರಬೇಕಾದದ್ದು ವರ್ಷಗಟ್ಟಲೆ ಕೂತಿತು.

೩
ಅಳಿಸಿದರೆ ಏನು ಗಂಟು ಹೋಗುತ್ತದೆ?

ಒಂದು ದನಿ ಹೋಗುತ್ತದೆ. ಹಿಂದೆ ಲೊಕ್ಕನಹಳ್ಳಿಯಲ್ಲಿ ಕಾಡುಹಂದಿ ಕಾಯಲು ಅಟ್ಟಣೆ ಏರಿದವರು ಹೊಲದಿಂದ ಹೊಲಕ್ಕೆ ಕೂಗುತ್ತಿದ್ದರು; ಆ ಕಡೆಯಿಂದ ಓಗೊಟ್ಟರೆ ಎಚ್ಚರವಿದ್ದಾರೆ ಎಂದರ್ಥ. ರೇಡಿಯೋದವರು ಜಡೇಸ್ವಾಮಿಯವರ ಕೂಗನ್ನು ರೆಕಾರ್ಡ್ ಮಾಡಿದ್ದರು. ಈಗ ಅವರಿಲ್ಲ. ಕೆಳಗಿನ ಹೊಲದಿಂದ ಹೆಂಡತಿ ಪುಟ್ಟಮಲ್ಲಮ್ಮ ಓಗೊಟ್ಟದ್ದನ್ನು ಪ್ರಭುಸ್ವಾಮಿಯ ಸಾಫ್ಟ್‌ವೇರ್ ಗದ್ದಲವೆಂದು ಒರೆಸಿಹಾಕಿದೆ. ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಆ ಜೋಡಿ ದನಿಯನ್ನು ರೇಡಿಯೋದಲ್ಲಿ ಕೇಳಿದ್ದ ಶಿವರಂಜನಿಗೆ ಅದು ಇವತ್ತಿಗೂ ಕಿವಿಯಲ್ಲಿದೆ. ಅದು ಬಿಟ್ಟರೆ ಇರುವುದು ಬಿತ್ತನೆಯಲ್ಲಿ ಮಾತ್ರ.

(ಕಾಪಿ ಮಾಡಿಕೊಂಡರಾಯಿತಲ್ಲ ಎನ್ನುವ ಜಾಣರಿಗೆ: ಅದನ್ನು ಬಿಚ್ಚಿ ನೋಡಲು ಅಷ್ಟೇ ದೊಡ್ಡ ಇನ್ನೊಂದು ಡಿಸ್ಕ್ ಬೇಕು. ಅದಿದ್ದರೆ ಈ ಕಥೆ ಏಕೆ?)

೪
ಮೊದಲನೆಯ ಅಂತ್ಯ: ಅಳಿಸಿದಳು, ಡಿಸ್ಕ್ ಹಿಗ್ಗಿತು, ಶುಭಂ.

“ಇದು ಕಂಪ್ಲೇಂಟ್ ಟಿಕೆಟ್ ಕ್ಲೋಸ್ ಮಾಡ್ದಂಗಾಯ್ತು ಸಾ, ಕತೆಯಲ್ಲ,” ಎಂದಳು. ಹೊಡೆದುಹಾಕಿದೆ.

೫
ಎರಡನೆಯದು ಅವಳೇ ಮಾಡಿಕೊಂಡದ್ದು. ಪುಟ್ಟಮಲ್ಲಮ್ಮನನ್ನು ಸ್ಟುಡಿಯೋಗೆ ಕರೆಸಿ, ಇದ್ದದ್ದನ್ನೆಲ್ಲ ಹೇಳಿ, “ಅಳಿಸ್ಲಾ ಅಜ್ಜಿ?” ಎಂದಳು.

“ಅಳಿಸ್ಕಳವ್ವ. ಬಿತ್ನೆ ಮಡಗದು ಬಿತ್ತಕ್ಕೆ, ನೋಡ್ತಾ ಕೂರಕ್ಕಲ್ಲ. ಎಲ್ಲಿ, ಅವರ್ದ ಒಸಿ ಹಾಕು.”

ಜಡೇಸ್ವಾಮಿ ಕೂಗಿದರು. ಆಮೇಲೆ ರೆಕಾರ್ಡಿಂಗ್ ಖಾಲಿ, ಒಂದು ನಾಯಿಯೂ ಬೊಗಳಲಿಲ್ಲ. ಪುಟ್ಟಮಲ್ಲಮ್ಮ ಕತ್ತೆತ್ತಿ, ಯಾರೂ ಹೇಳದಿದ್ದರೂ, ‘ಓ…’ ಎಂದು ಓಗೊಟ್ಟರು. ಶಿವರಂಜನಿಯ ಕಣ್ಣು ತುಂಬಿತು. ಜಾಣೆ, ಮೊದಲೇ ರೆಕಾರ್ಡ್ ಒತ್ತಿದ್ದಳು.

(ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಒಳ್ಳೆಯ ಹೆಸರು ಬರುತ್ತಿತ್ತು.)

ಫೈಲು ಉಳಿಯಲಿಲ್ಲ. ಡಿಸ್ಕ್ ತುಂಬಿತ್ತಲ್ಲ.

“ಇನ್ನೊಂದ್ಸಲ ಕೂಗಿ ಅಜ್ಜಿ, ಫೋನಲ್ಲಿ ಇಡ್ಕತೀನಿ.”

“ಅವ್ರು ಕೂಗ್ದೆ ನಾನೆಂಗವ್ವ ಓ ಅನ್ಲಿ? ತಿರ್ಗಾ ಹಾಕು.”

ಹಾಕಿದಳು. ಅಜ್ಜಿ ಈ ಸಲ ಓಗೊಡಲಿಲ್ಲ. “ಇನ್ನೊಂದ್ಸಲ,” ಎಂದರು. ಮತ್ತೆ ಹಾಕಿದಳು.

ಅಜ್ಜಿ ಊರಿಗೆ ಹಿಡಿಯಬೇಕಾದ ಹನೂರಿನ ಬಸ್ಸು ಹೊರಡುವ ಹೊತ್ತಾಗಿದೆ. ಅಳಿಸಿದಳಾ, ಇಲ್ಲವಾ ಎಂದು ನನ್ನನ್ನು ಕೇಳಬೇಡಿ. ಅವರು ಕೂಗುತ್ತಿದ್ದಾರೆ, ಈಕೆ ಕೇಳುತ್ತಿದ್ದಾರೆ. ಗಂಡ ಹೆಂಡಿರ ನಡುವೆ ನಾನು ಬಾಯಿ ಹಾಕಲಾರೆ.