ವಕೀಲರ ಗಿಟಾರ್ ತಾಳಮದ್ದಳೆ

ಬಸ್ಸಿನಿಂದ ಇಳಿದು ಮನೆ ಮುಟ್ಟುವಷ್ಟರಲ್ಲಿ ಸುಬ್ಬಲಕ್ಷ್ಮಿ ಕುಮಟೆಯ ಬೀದಿಯಲ್ಲಿ ಮೂವರಿಗೆ ಸುಳ್ಳು ಹೇಳಿದಳು. ಮೂವರಿಗೂ ಒಂದೇ ಸುಳ್ಳು: ಈ ಪೆಟ್ಟಿಗೆಯಲ್ಲಿರುವುದು ಹೊಲಿಗೆ ಯಂತ್ರ. ದೇವದಾರು ಹಲಗೆಯ ಆ ಉದ್ದನೆಯ ಪೆಟ್ಟಿಗೆ ಹೊಲಿಗೆ ಯಂತ್ರದ್ದೆಂದು ಕುರುಡನೂ ನಂಬುವಂತಿರಲಿಲ್ಲ. ಆದರೆ ವಕೀಲ ನಾಗಪತಿ ಭಟ್ಟರ ಮಗಳು ಸುಳ್ಳು ಹೇಳುತ್ತಾಳೆಂದು ಯಾರಿಗೆ ಅನ್ನಿಸೀತು? ಎಲ್ಲರೂ ನಂಬಿದರು. ಹೂ ಮಾರುವ ಈರಮ್ಮನಂತೂ ಎಷ್ಟು ನಂಬಿದಳೆಂದರೆ, ಮರುದಿನ ಬೆಳಿಗ್ಗೆ ಎರಡು ರವಿಕೆ ಬಟ್ಟೆ ಹಿಡಿದು ಜಗಲಿಗೆ ಬಂದು ಕೂತೇಬಿಟ್ಟಳು. ಜಗಲಿಯಲ್ಲಿ ವಕೀಲರು ಪೇಪರ್ ಓದುತ್ತಿದ್ದರು. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರವೇ ಎಂದು ಅವರು ಒಳಗೆ ಹೋಗಿ ಮಂಚದ ಕೆಳಗಿನ ಪೆಟ್ಟಿಗೆ ಎಳೆದರು. ಮುಚ್ಚಳ ಅರ್ಧ ಎತ್ತಿ, ಒಳಗಿನ ಕಂದು ಬಣ್ಣದ ಹೊಟ್ಟೆಯನ್ನು ಕಂಡದ್ದೇ ಹಾವು ಕಂಡವರಂತೆ ಮುಚ್ಚಿದರು. ಅದು ಗಿಟಾರ್.

ಅರವತ್ತಾರನೇ ಇಸವಿಯ ದೀಪಾವಳಿ ರಜೆ. ಸುಬ್ಬಲಕ್ಷ್ಮಿ ಹೊನ್ನಾವರದಲ್ಲಿ ದೊಡ್ಡಮ್ಮ ಮಾದೇವಿಯ ಮನೆಯಲ್ಲಿದ್ದುಕೊಂಡು ಕಾಲೇಜಿನ ಮೊದಲ ವರ್ಷ ಓದುತ್ತಿದ್ದಳು. ಪಕ್ಕದ ಮನೆಯವರು ಇನಾಸ್ ಮಾಸ್ತರರು. ಮುಂಬೈಯ ಹೋಟೆಲುಗಳ ಬ್ಯಾಂಡಿನಲ್ಲಿ ಇಪ್ಪತ್ತು ವರ್ಷ ನುಡಿಸಿ, ಸಾಕೆನಿಸಿ ಊರಿಗೆ ಬಂದು ಕೂತವರು. ಅವರು ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ಸಣ್ಣ ಸರಳು ಹಿಡಿದು ತಂತಿಯ ಮೇಲೆ ಜಾರಿಸುವರು. ಆ ಸ್ವರ ಜಾರುವುದನ್ನು ಬೇಲಿಯಾಚೆಯಿಂದ ಮೊದಲ ಸಲ ಕೇಳಿದ ದಿನ ಸುಬ್ಬಲಕ್ಷ್ಮಿಗೆ ಊಟ ಸೇರಲಿಲ್ಲ. ಅವಳು ಬೆಳೆದದ್ದು ಒಬ್ಬರೇ ಮಾತಾಡುವ ಮನೆಯಲ್ಲಿ. ಕೋರ್ಟಿನಲ್ಲಿ ಮುಗಿಯದ ವಾದವನ್ನು ಅಪ್ಪಯ್ಯ ಊಟದ ಮಣೆಯ ಮೇಲೆ ಮುಗಿಸುವರು, ಆಯಿ ಎಂದು ಅವಳು ಕರೆಯುವ ಅಮ್ಮ ಪರಮೇಶ್ವರಿಯ ಪಾಲಿಗೆ ಉಳಿಯುವುದು 'ಹೂಂ' ಮಾತ್ರ. ಮಾತೇ ಇಲ್ಲದೆ ಇಷ್ಟೆಲ್ಲ ಹೇಳಬಹುದೆಂದು ಅವಳಿಗೆ ಹದಿನೆಂಟು ವರ್ಷಕ್ಕೆ ಗೊತ್ತಾಯಿತು. ಅವಳು ಬೇಲಿ ದಾಟಿ ಮಾಸ್ತರರ ಹತ್ತಿರ ಕಲಿಯಲು ಹೋಗುವುದನ್ನು ದೊಡ್ಡಮ್ಮ ನೋಡಿಯೂ ನೋಡದವಳ ಹಾಗಿದ್ದಳು. ಆರು ವಾರದ ಪಾಠ ಆಗಿತ್ತು. ರಜೆಯಲ್ಲಿ ಕೈ ಜಡವಾಗಬಾರದೆಂದು ಮಾಸ್ತರರೇ ಪೆಟ್ಟಿಗೆ ಕೊಟ್ಟು ಕಳಿಸಿದ್ದರು.

ವಕೀಲರು ಕೂಗಾಡಲಿಲ್ಲ. ತೀರ್ಪು ಓದುವವರ ಹಾಗೆ ಹೇಳಿದರು.

"ಹೋಟ್ಲಲ್ಲಿ ಕುಡದು ಕುಣಿಯವಕ್ಕೆ ಬಾರ್ಸ ವಾದ್ಯ ನಮ್ಮನೆಗೆ ಬ್ಯಾಡ. ಕಾಲೇಜು ಶುರುವಾದ ದಿನ ಕೊಟ್ಟಿಕ್ಕೆ ಬಾ. ಮುಗತ್ತು."

ಕಾಲೇಜು ಶುರುವಾಗಲು ಒಂಬತ್ತು ದಿನವಿತ್ತು. ಮೊದಲ ದಿನವನ್ನು ಸುಬ್ಬಲಕ್ಷ್ಮಿ ಅಳುವುದರಲ್ಲಿ ಕಳೆದಳು. ಎರಡನೇ ದಿನ ಅತ್ತು ಬೇಸರ ಬಂದು, ವಾಚನಾಲಯಕ್ಕೆ ಹೋದಳು.

ವಾಚನಾಲಯದ ಕಾರ್ಯದರ್ಶಿ ಶ್ರೀಕೃಷ್ಣ ಅವಳ ಸೋದರತ್ತೆಯ ಮಗ. ಅಲ್ಲಿಗೆ ಹೊಸದಾಗಿ ರೇಡಿಯೋ ಬಂದಾಗಿನಿಂದ ಓದುವವರು ಕಡಿಮೆಯಾಗಿ ಜಗಳಾಡುವವರು ಹೆಚ್ಚಾಗಿದ್ದರು. ಆ ತಿಂಗಳಿನ ಜಗಳ, ಲೋಕದಲ್ಲಿ ಗಿಟಾರ್ ನುಡಿಸುವವರಲ್ಲಿ ಶ್ರೇಷ್ಠ ಯಾರು ಎಂಬುದು. ಒಂದು ಪಂಗಡ ಮುಂಬೈಯವನ ಕಡೆಗೆ. ರಾತ್ರಿ ಹೋಟೆಲಿನ ಬ್ಯಾಂಡಿನಲ್ಲಿ, ಹಗಲು ಸಿನಿಮಾ ಹಾಡುಗಳ ನಡುವೆ ಗಿಟಾರ್ ನುಡಿಸುವ ಆತನ ಹೆಸರು ಯಾರಿಗೂ ಗೊತ್ತಿಲ್ಲ, ರೇಡಿಯೋದವರು ಹೇಳುವುದೂ ಇಲ್ಲ. ಇನ್ನೊಂದು ಪಂಗಡ ಕಲ್ಕತ್ತೆಯವನ ಕಡೆಗೆ, ಅವನು ಗಿಟಾರಿನಲ್ಲಿ ರಾಗವನ್ನೇ ನುಡಿಸುತ್ತಾನೆ. ತದಡಿಯಿಂದ ದೋಣಿ ತರುವ ಶುಕ್ರನದು ಒಂಟಿ ಪಂಗಡ. ಮುಂಬೈ ಬಂದರಿನಲ್ಲಿ ಒಂದು ಹಡಗಿನ ಅಂಚಿಗೆ ಕೂತು ನುಡಿಸುತ್ತಿದ್ದ ಬಿಳಿಯ ಖಲಾಸಿಯೇ ಎಲ್ಲರಿಗಿಂತ ದೊಡ್ಡವನೆಂದು ಅವನ ಹಟ. ಆ ಖಲಾಸಿ ನುಡಿಸಿದ್ದನ್ನು ಬೇರೆ ಯಾರೂ ಕೇಳಿರಲಿಲ್ಲವಾದ್ದರಿಂದ ಶುಕ್ರನನ್ನು ಸೋಲಿಸುವುದೂ ಸಾಧ್ಯವಿರಲಿಲ್ಲ. ಗಿಟಾರನ್ನು ಕಣ್ಣಾರೆ ಕಂಡವರು ಜಗಳಾಡುವವರಲ್ಲಿ ಅವನೊಬ್ಬನೇ. ಉಳಿದವರೆಲ್ಲ ಪತ್ರಿಕೆಯ ಚಿತ್ರ ನೋಡಿದವರು, ಕೆಲವರು ಅದನ್ನೂ ನೋಡದವರು. ಹಾಗೆಂದು ವಾದದ ಬಿಸಿ ಒಂದು ಗುಂಜಿಯಷ್ಟೂ ಕಡಿಮೆಯಿರಲಿಲ್ಲ.

ಸುಬ್ಬಲಕ್ಷ್ಮಿ ಒಂದು ಮೂಲೆಯಲ್ಲಿ ಕೂತು ಅರ್ಧ ಗಂಟೆ ಕೇಳಿದಳು. ಆಮೇಲೆ ಭಾವ ಶ್ರೀಕೃಷ್ಣನನ್ನು ಹೊರಗೆ ಕರೆದು, ಇದು ಹೀಗೆ ಬಗೆಹರಿಯುವುದಲ್ಲ, ತಾಳಮದ್ದಳೆಗೆ ಹಾಕು ಅಂದಳು.

ಬೇರೆ ಊರಿನಲ್ಲಾದರೆ ಈ ಮಾತಿಗೆ ನಗುತ್ತಿದ್ದರು. ಕುಮಟೆಯಲ್ಲಿ ಯಾರೂ ನಗಲಿಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರು ಪದ ಹೇಳಿದೊಡನೆ ಚಾಪೆಯ ಮೇಲೆ ಕೂತ ಅರ್ಥಧಾರಿಗಳು ಕೃಷ್ಣನಾಗಿ, ಭೀಷ್ಮನಾಗಿ ಅದರ ಅರ್ಥ ಹೇಳಿ ವಾದಕ್ಕಿಳಿಯುವುದನ್ನು ಕೇಳುತ್ತ ಬೆಳೆದ ಊರು ಅದು. ಕೃಷ್ಣ ಭೀಷ್ಮರೇ ಅಷ್ಟು ವಾದಿಸುವುದಾದರೆ ಗಿಟಾರಿನವರಿಗೆ ಏನು ಧಾಡಿ? ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ವಾಚನಾಲಯದ ಅಂಗಳದಲ್ಲಿ ಎಂದು ಗೊತ್ತಾಯಿತು. ಅರ್ಥಧಾರಿಗಳು ಇಬ್ಬರು, ನಾಗಪತಿ ವಕೀಲರು ಮತ್ತು ಬಾಡ ಊರಿನ ಅನಂತಮೂರ್ತಿ ಶಾಸ್ತ್ರಿಗಳು. ಹನ್ನೆರಡು ವರ್ಷದಿಂದ ಇವರಿಬ್ಬರೂ ಎದುರುಬದುರು ಕೂತು ಒಬ್ಬರ ಬಾಯಿ ಇನ್ನೊಬ್ಬರು ಕಟ್ಟಿಸಲು ಹೆಣಗುತ್ತಿದ್ದರು. ವಿಷಯ ಏನೆಂದು ಕೇಳಿ ವಕೀಲರು ಮೂಗು ಮುರಿದರು. ಶಾಸ್ತ್ರಿಗಳು ಒಪ್ಪಿದ್ದಾರೆಂದು ಕೇಳಿದ ಮೇಲೆ ತಾವೂ ಒಪ್ಪಿದರು.

ವಾಚನಾಲಯದ ಕೂಟದಲ್ಲಿ ಒಂದು ವಾಡಿಕೆಯಿತ್ತು. ಯಾರದು ಯಾವ ಪಾತ್ರವೆಂದು ಚಾಪೆಯ ಮೇಲೆ ಕೂತ ಮೇಲೇ ಕಾರ್ಯದರ್ಶಿ ಹೇಳುವುದು. ಕೊಟ್ಟದ್ದನ್ನು ಬೇಡವೆಂದರೆ ಸೋತಂತೆ. ಸುಬ್ಬಲಕ್ಷ್ಮಿಯ ಹೂಟವೆಲ್ಲ ಇದ್ದದ್ದು ಇಲ್ಲಿ. ಅಪ್ಪಯ್ಯನಿಗೆ ಮುಂಬೈಯ ಹೋಟೆಲಿನ ಗಿಟಾರಿನವನ ಪಾತ್ರವನ್ನೇ ಕೊಡಬೇಕೆಂದು ಅವಳು ಭಾವನ ಹತ್ತಿರ ಮಾತು ತೆಗೆದುಕೊಂಡಳು. ಊರೆದುರು ಗಿಟಾರನ್ನು ಹೊಗಳಿ ಗೆದ್ದವನು ಮರುದಿನ ಅದನ್ನು ಮನೆಯಿಂದ ಹೊರಗೆ ಹಾಕಲು ನಾಚಿಕೊಳ್ಳಲೇಬೇಕು ಎಂದು ಅವಳ ಲೆಕ್ಕ. ಶ್ರೀಕೃಷ್ಣನಿಗೆ ಅಷ್ಟು ಭರವಸೆ ಇರಲಿಲ್ಲ.

"ಮಾವ ಹೋದ ವಾರ ಕರ್ಣ ಆಗಿ ಸತ್ತಿದ್ದ, ಮರುದಿನ ಕೋರ್ಟಿಗೆ ಹೋಯ್ದನಿಲ್ಲೆ? ಅರ್ಥ ಬೇರೆ, ಮನೆ ಬೇರೆ ಹೇಳ್ತ ನೋಡು."

ಹಾಗಾದರೂ ಆಗಲಿ, ಅವರ ಬಾಯಿಂದ ಒಂದು ಒಳ್ಳೆಯ ಮಾತು ಗಿಟಾರಿನ ಮೇಲೆ ಬೀಳಲಿ ಅಂದಳು ಸುಬ್ಬಲಕ್ಷ್ಮಿ.

ಭಾನುವಾರ ಅಂಗಳ ತುಂಬಿತು. ಶುಕ್ರ ತನ್ನ ಖಲಾಸಿಗೆ ಅರ್ಥಧಾರಿ ಸಿಕ್ಕಿಲ್ಲವೆಂದು ಮುಖ ಊದಿಸಿಕೊಂಡು ಮುಂದೆಯೇ ಕೂತಿದ್ದ. ಹೆಂಗಸರು ಒಂದು ಬದಿಗೆ, ಆಯಿಯ ಪಕ್ಕದಲ್ಲಿ ಸುಬ್ಬಲಕ್ಷ್ಮಿ. ಶ್ರೀಕೃಷ್ಣ ಎದ್ದು ಪಾತ್ರ ಹೇಳಿದ: ಶಾಸ್ತ್ರಿಗಳು ಕಲ್ಕತ್ತೆಯ ವಿದ್ವಾಂಸ, ವಕೀಲರು ಮುಂಬೈಯ ಹೋಟೆಲಿನ ವೀರ. ವಕೀಲರ ಮುಖ ಹುಳಿ ಮಾವಿನಕಾಯಿ ಕಚ್ಚಿದಂತಾಯಿತು. ಅವರು ಒಮ್ಮೆ ಸೋದರಳಿಯನನ್ನು, ಒಮ್ಮೆ ಹೆಂಗಸರ ಬದಿಯನ್ನು ನೋಡಿದರು. ಸುಬ್ಬಲಕ್ಷ್ಮಿ ಸೆರಗಿನ ದಾರ ಎಣಿಸತೊಡಗಿದಳು.

ಭಾಗವತರು ಹೊಸದಾಗಿ ಕಟ್ಟಿದ ಪದ ಹಾಡಿದರು, ಮದ್ದಳೆ ನುಡಿಯಿತು. ಶಾಸ್ತ್ರಿಗಳು ಕಲ್ಕತ್ತೆಯವರಾಗಿ, ಎಲವೋ ಹೋಟೆಲಿನ ತಂತಿ ಮೀಟುವವನೇ ಎಂದು ಶುರುಮಾಡಿ, ತನ್ನ ಗಿಟಾರಿನಲ್ಲಿ ಋಷಿಗಳು ಕಂಡ ರಾಗವಿದೆ, ನಿನ್ನದರಲ್ಲಿ ಕುಡುಕರ ಕಾಲಿನ ಸಪ್ಪಳವಷ್ಟೇ ಇದೆ ಎಂದು ಹತ್ತು ನಿಮಿಷ ಜಾಡಿಸಿದರು. ಅದೆಲ್ಲ ವಕೀಲರು ಮನೆಯಲ್ಲಿ ಆಡಿದ ಮಾತೇ. ಈಗ ಇನ್ನೊಬ್ಬರ ಬಾಯಲ್ಲಿ ಕೇಳಿ ಅವರಿಗೆ ಮೈ ಉರಿಯಿತು. ಅವರು ಶಾಲು ಸರಿಮಾಡಿಕೊಂಡರು. ವಿದ್ವಾಂಸನೇ, ನಿನ್ನ ರಾಗವನ್ನು ಹನ್ನೊಂದು ಮಂದಿ ಕೇಳುತ್ತಾರೆ, ಅವರಲ್ಲಿ ನಾಲ್ವರು ನಿದ್ದೆಯಲ್ಲಿರುತ್ತಾರೆ. ನನ್ನದನ್ನು ಬಾವಿಕಟ್ಟೆಯ ಹೆಂಗಸು ಗುನುಗುತ್ತಾಳೆ, ಬಸ್ಸಿನ ಕಂಡಕ್ಟರ್ ಗುನುಗುತ್ತಾನೆ, ತದಡಿಯ ದೋಣಿಯವನು ಹುಟ್ಟು ಹಾಕುತ್ತ ಗುನುಗುತ್ತಾನೆ, ಹೆಸರಿಲ್ಲದೆ ಲೋಕವನ್ನು ತುಂಬಿದ ನಾನು ದೊಡ್ಡವನೋ, ಹೆಸರಿಗಾಗಿ ನುಡಿಸುವ ನೀನೋ ಎಂದರು. ಅಂಗಳ ತಲೆದೂಗಿತು. ಶುಕ್ರನೂ ದೋಣಿಯ ಮಾತು ಬಂದಲ್ಲಿ ಮುಖ ಸಡಿಲಿಸಿದ. ಸುಬ್ಬಲಕ್ಷ್ಮಿಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು.

ಆ ಹುರುಪಿನಲ್ಲೇ ವಕೀಲರು ಎಡವಿದರು. ನನ್ನ ಈ ನಾಲ್ಕು ತಂತಿಗಳು ನಾಲ್ಕು ದಿಕ್ಕನ್ನು ಗೆದ್ದಿವೆ ಅಂದುಬಿಟ್ಟರು.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆರು, ಆರು ಎಂದು ಶುಕ್ರ ಬೆರಳು ಎತ್ತಿ ತೋರಿಸಿದ. ಶಾಸ್ತ್ರಿಗಳು ಧಾರವಾಡದಲ್ಲಿ ಒಮ್ಮೆ ಗಿಟಾರ್ ಕಚೇರಿಗೆ ಹೋಗಿದ್ದವರು. ಇಂಥ ಅವಕಾಶಕ್ಕಾಗಿ ಹನ್ನೆರಡು ವರ್ಷ ಕಾದವರು. ಅವರು ಸಾವಕಾಶ ಎಲೆಯಡಿಕೆ ಪಕ್ಕಕ್ಕಿಟ್ಟು, ಬಹಳ ಮೆತ್ತಗೆ ಕೇಳಿದರು.

"ಮಹಾವೀರ, ತನ್ನ ವಾದ್ಯದ ತಂತಿ ಎಷ್ಟೆಂದು ಅರಿಯದ ನೀನು, ಗಿಟಾರೆಂಬುದನ್ನು ಎಂದಾದರೂ ಕಣ್ಣಿನಿಂದ ಕಂಡದ್ದುಂಟೆ?"

ವಕೀಲರು ಸರಿಯಾಗಿಯೇ ಇದ್ದ ಶಾಲನ್ನು ಮತ್ತೆ ಸರಿಮಾಡಿಕೊಂಡರು. ಸುಬ್ಬಲಕ್ಷ್ಮಿ ಬಯಸಿದ್ದು ಅಪ್ಪಯ್ಯ ಇಕ್ಕಟ್ಟಿಗೆ ಸಿಗಲಿ ಎಂದು, ಸೋಲಲಿ ಎಂದಲ್ಲ. ಅಂದು ಆ ಮುಚ್ಚಳವನ್ನು ಪೂರ್ತಿ ತೆರೆದಿದ್ದರೆ, ಒಂದು ಗಳಿಗೆ ಪಕ್ಕದಲ್ಲಿ ಕೂತಿದ್ದರೆ ಇವತ್ತು ಹೀಗೆ ಕೂರಬೇಕಾಗಿರಲಿಲ್ಲವಲ್ಲ ಎಂದು ಅವಳಿಗೆ ಸಿಟ್ಟೂ ಬಂತು, ಕನಿಕರವೂ ಬಂತು. ವಾದ ಮುಗಿಯಿತೆಂದು ಭಾಗವತರು ತಾಳ ಕೆಳಗಿಡಲು ಹೊರಟರು. ಅಷ್ಟರಲ್ಲಿ ವಕೀಲರೊಳಗಿನ ವಕೀಲ ಎಚ್ಚರಗೊಂಡ. ಅವರು ಮುಂಬೈಯ ವೀರನನ್ನು ಅಲ್ಲೇ ಚಾಪೆಯ ಮೇಲೆ ಬಿಟ್ಟು, ಕೋರ್ಟಿನಲ್ಲಿ ಏಳುವಂತೆ ಎದ್ದು ನಿಂತರು.

"ಸಾಕ್ಷಿ ಇದ್ದು. ಮುಂಬೈಯವ, ಕಲ್ಕತ್ತೆಯವ ಎಲ್ಲ ಬದಿಗಿರ್ಲಿ. ಎಲ್ಲಕ್ಕಿಂತ ಚೊಲೋ ಗಿಟಾರು ಬಾರ್ಸದು ನಮ್ಮನೆಲೇ ಇದ್ದು. ಕೂಸೇ, ಎದ್ದು ಬಾ."

ಇಡೀ ಅಂಗಳ ಹೆಂಗಸರ ಬದಿಗೆ ತಿರುಗಿತು. ಆರು ವಾರದ ಪಾಠ, ಬರುವುದು ಒಂದೇ ಒಂದು ಕುಣಿತದ ಧಾಟಿ, ಅದೂ ನಡುವೆ ಎರಡು ಕಡೆ ತಪ್ಪುತ್ತಿತ್ತು. ಅವಳು ತೋಡಿದ ಗುಂಡಿಗೆ ಅವಳನ್ನೇ ಅಪ್ಪಯ್ಯ ಕೈಹಿಡಿದು ಇಳಿಸುತ್ತಿದ್ದರು. ಆಯಿಯ ಸೆರಗು ಹಿಡಿದುಕೊಂಡಳು. ಆಯಿ ಮೆಲ್ಲಗೆ ಸೆರಗು ಬಿಡಿಸಿಕೊಂಡು, ಹೋಗು ಎಂದು ಬೆನ್ನಿಗೆ ಒಂದು ಸಣ್ಣ ಗುದ್ದು ಕೊಟ್ಟಳು. ಶ್ರೀಕೃಷ್ಣ ಆಗಲೇ ಪೆಟ್ಟಿಗೆ ತರಲು ಓಡಿದ್ದ. ಅದನ್ನು ತಂದಿಟ್ಟಾಗ ಈರಮ್ಮ ಹತ್ತಿರದವರಿಗೆಲ್ಲ, ಅದೇ ಹೊಲಿಗೆ ಯಂತ್ರ ಎಂದು ತೋರಿಸಿದಳು.

ಸುಬ್ಬಲಕ್ಷ್ಮಿ ಚಾಪೆಯ ಮೇಲೆ ಕೂತು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸರಳು ಹಿಡಿದಳು. ಮೊದಲ ನಾಲ್ಕು ಸ್ವರ ಸರಿಯಾಗಿ ಬಂದವು. ಐದನೆಯದು ಜಾರಿ ಎಲ್ಲೋ ಹೋಗಿ ನಿಂತಿತು. ಅವಳು ನಿಲ್ಲಿಸಿದಳು. ಒಡನೆಯೇ ವಕೀಲರು ಸಭೆಗೆ ಕೈಮುಗಿದು, ನೋಡಿದಿರಾ, ಸ್ವರ ನಿಂತಲ್ಲಿ ಕೇಳುಗನ ಮನಸ್ಸು ಮುಂದೆ ಹೋಗಬೇಕೆಂಬ ಯುಕ್ತಿ ಇದು ಎಂದು ಅರ್ಥ ಹೇಳಿದರು. ಅವಳು ಮತ್ತೆ ಶುರುಮಾಡಿದಳು. ಮತ್ತೆ ಅಲ್ಲೇ ತಪ್ಪಿತು. ಈ ಸಲ ವಕೀಲರು, ಒಂದೇ ಸ್ಥಳಕ್ಕೆ ಎರಡು ಸಲ ಬಂದದ್ದು ಭಕ್ತೆ ದೇವರ ಬಾಗಿಲಿಗೆ ಎರಡು ಸಲ ಬಂದ ಹಾಗೆ ಎಂದು ವಿಸ್ತಾರವಾಗಿ ವಿವರಿಸತೊಡಗಿದರು. ಅವರ ವಿವರಣೆ ಗಿಟಾರಿಗಿಂತ ಉದ್ದವಾಗುತ್ತ ಹೋಯಿತು. ಸುಬ್ಬಲಕ್ಷ್ಮಿಯ ಹೆದರಿಕೆ ಎಲ್ಲಿ ಹೋಯಿತೋ, ತಲೆ ಎತ್ತಿದಳು.

"ಅಪ್ಪಯ್ಯ, ಮಾತಾಡಡ. ಕೇಳು."

ಮೂರು ತಾಲೂಕಿನಲ್ಲಿ ಯಾರೂ ನಾಗಪತಿ ವಕೀಲರಿಗೆ ಮಾತಾಡಬೇಡ ಎಂದು ಹೇಳಿರಲಿಲ್ಲ, ನ್ಯಾಯಾಧೀಶರು ಕೂಡ ವಿನಂತಿ ಮಾಡಿಕೊಳ್ಳುತ್ತಿದ್ದರು. ವಕೀಲರು ಇನ್ನೇನೋ ಹೇಳಲು ಹೋಗಿ, ಮಗಳ ಮುಖ ನೋಡಿ, ಚಾಪೆಯ ಮೇಲೆ ಕೂತರು.

ಅವಳು ನುಡಿಸಿದಳು. ತಪ್ಪಿದಲ್ಲಿ ನಿಲ್ಲಲಿಲ್ಲ, ದಾಟಿಕೊಂಡು ಮುಂದೆ ಹೋದಳು. ಮದ್ದಳೆಯವನು ಕೇಳದೆಯೇ ಬೆರಳ ತುದಿಯಲ್ಲಿ ಜೊತೆಗೂಡಿದ. ಆ ಜಾರುವ ಸ್ವರ ಅಂಗಳದ ಮೇಲೆ ಹಾಯುವಾಗ ವಕೀಲರ ತುಟಿ ಅಲುಗಲಿಲ್ಲ. ಅವರ ಕಣ್ಣು ಮಗಳ ಎಡಗೈಯ ಮೇಲೇ ಇತ್ತು. ಧಾಟಿ ಮುಗಿದ ಮೇಲೂ ಅವರು ಸುಮ್ಮನೇ ಇದ್ದರು. ಸುಬ್ಬಲಕ್ಷ್ಮಿಗೆ ತೃಪ್ತಿಯಾಯಿತು, ಅದನ್ನು ಮುಚ್ಚಿಡಲೂ ಆಗಲಿಲ್ಲ.

ಶಾಸ್ತ್ರಿಗಳು ಎದುರಾಳಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಶಾಲನ್ನು ತೆಗೆದು ಹುಡುಗಿಯ ಮುಂದಿಟ್ಟರು.

"ಹನ್ನೆರಡು ವರ್ಷಾತು, ಇವನ ಬಾಯಿ ಕಟ್ಟಸಲೆ ನಂಗೆ ಆಜಿಲ್ಲೆ. ಈ ಕೂಸು ಮಾಡ್ಚು. ಗಿಟಾರು ಬಾರ್ಸವರಲ್ಲಿ ದೊಡ್ಡವು ಯಾರು ಹೇಳಿ ಇನ್ನೆಂತ ಕೇಳ್ತಿ?"

ಶುಕ್ರನೊಬ್ಬ, ಖಲಾಸಿ ಇದ್ದಿದ್ದರೆ ಕತೆಯೇ ಬೇರೆ ಎಂದು ಗೊಣಗಿದ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಕಾಲೇಜು ಶುರುವಾಗುವ ದಿನ ವಕೀಲರು ಕೋರ್ಟಿಗೆ ರಜೆ ಹಾಕಿ ತಾವೇ ಪೆಟ್ಟಿಗೆ ಎತ್ತಿಕೊಂಡು ಮಗಳ ಜೊತೆ ಬಸ್ ಹತ್ತಿದರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಅರ್ಥ ಬೇರೆ, ಮನೆ ಬೇರೆ ಎಂಬುದು ನಿಜವೇ ಆಯಿತೆಂದು ಸುಬ್ಬಲಕ್ಷ್ಮಿ ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ಹೊನ್ನಾವರದಲ್ಲಿ ವಕೀಲರು ನೇರ ಇನಾಸ್ ಮಾಸ್ತರರ ಮನೆಗೆ ಹೋಗಿ, ಪೆಟ್ಟಿಗೆಯನ್ನು ಕೆಳಗಿಟ್ಟು, ಕೂರಿ ಎನ್ನುವ ಮೊದಲೇ ಕೂತರು.

"ನಾ ಸಭೆಲಿ ಹೇಳ್ಬಿಟ್ಟೆ ಮಾಸ್ತರೇ. ಇವಳು ಎಲ್ಲರಿಗಿಂತ ದೊಡ್ಡವಳಾಗೂಕೆ ಎಷ್ಟು ದಿನ ಬೇಕು?"

ಮಾಸ್ತರರು ಒಮ್ಮೆ ಅವಳ ಬೆರಳುಗಳನ್ನೂ ಒಮ್ಮೆ ವಕೀಲರನ್ನೂ ನೋಡಿ, ಹತ್ತು ವರ್ಷ ಅಂದರು. ಯುಗಾದಿಯ ತಾಳಮದ್ದಳೆಗೆ ಶಾಸ್ತ್ರಿ ಮತ್ತೆ ಬರುತ್ತಾನೆ, ಅಷ್ಟರೊಳಗೆ ಆಗಬೇಕು ಎಂದು ವಕೀಲರು ಕೋಟಿನ ಜೇಬಿನಿಂದ ಒಂದು ಹಾಳೆ ತೆಗೆದರು. ಅದರಲ್ಲಿ ಅವರ ಗುಂಡು ಅಕ್ಷರದಲ್ಲಿ ಬೆಳಗಿನ ನಾಲ್ಕೂವರೆಯಿಂದ ಕಾಲೇಜಿನ ಗಂಟೆಯವರೆಗೆ, ಕಾಲೇಜು ಬಿಟ್ಟಾಗಿನಿಂದ ದೀಪ ಆರಿಸುವವರೆಗೆ, ಶನಿವಾರ ಭಾನುವಾರ ಇಡೀ ದಿನ ಅಭ್ಯಾಸದ ವೇಳೆ ಬರೆದಿತ್ತು. ಪ್ರತಿ ಭಾನುವಾರ ಸಂಜೆ ತಾವೇ ಬಂದು ಪರೀಕ್ಷಿಸುವುದಾಗಿಯೂ, ಬಾಯಿ ತೆರೆಯದೆ ಕೇಳುವುದಾಗಿಯೂ ಕೊನೆಯ ಸಾಲಿನಲ್ಲಿ ಬರೆದು ಸಹಿ ಹಾಕಿದ್ದರು. ಸುಬ್ಬಲಕ್ಷ್ಮಿ ಹಾಳೆಯನ್ನು ಎರಡು ಸಲ ಓದಿದಳು. ಆ ಪೆಟ್ಟಿಗೆಯನ್ನು ಮಾಸ್ತರರಿಗೆ ವಾಪಸು ಕೊಟ್ಟುಬಿಡೋಣವೇ ಎಂದು ಅವಳಿಗೆ ಅನ್ನಿಸಿದ್ದು ಅದೇ ಮೊದಲು.