ಹತ್ತು ಸೆಕೆಂಡಿನ ಮಾತು

ನನ್ನ ಹೆಸರು ಶಾಂತಕುಮಾರ. ಅವ್ವ ಬಹಳ ಆಸೆಯಿಂದ ಇಟ್ಟ ಹೆಸರು. ಆಮೇಲೆ ಆ ಹೆಸರಿಗೂ ನನಗೂ ಮಾತುಕತೆ ನಿಂತುಹೋಯಿತು.

ಯಲಬುರ್ಗಾದ ತಾಲೂಕು ಕಚೇರಿಯ ಎದುರಿಗೆ ಹುಲಗಪ್ಪನ ಆನ್‌ಲೈನ್ ಸೆಂಟರ್ ಇದೆ. ಮೊದಲ ಬಸ್ಸಿಗೆ ಹಳ್ಳಿಗಳಿಂದ ಬಂದವರಿಗೆ ಅರ್ಜಿ ಹಾಕಿಕೊಡುವುದು ಅಲ್ಲಿನ ಕೆಲಸ. ನಾನೂ ಸಬೀನಾ ಎಂಬ ಹುಡುಗಿಯೂ ಎರಡು ವರ್ಷ ಅಕ್ಕಪಕ್ಕ ಕುಳಿತು ಅದನ್ನು ಮಾಡಿದೆವು. ನಡುನಡುವೆ ನನ್ನದು ಒಂದಿಷ್ಟು ಕಿತಾಪತಿ. ಹುಲಗಪ್ಪ ಮಧ್ಯಾಹ್ನ ಬಾಯಿ ತೆರೆದು ನಿದ್ದೆ ಹೊಡೆಯುವ ಫೋಟೋ ತೆಗೆದು, ಅದನ್ನೇ ಅವನ ಲ್ಯಾಪ್‌ಟಾಪ್ ಪರದೆಯ ಮೇಲೆ ಹಾಕಿದ್ದೆ. ಇನ್ನೊಮ್ಮೆ, ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಒಳಗಿನಿಂದ ವಿಲನ್ ಗಂಟಲಿನಲ್ಲಿ ನನ್ನ ದನಿ ಬರುವಂತೆ ಮಾಡಿದ್ದೆ: "ಬಂದೇನಪ್ಪಾ ಹುಲಗಪ್ಪಾ? ನಿನ್ನ ಸಲುವಾಗಿನ ಕಾಯಾಕತ್ತಿದ್ದೆ!" ಪಾಳಿ ಹಚ್ಚಿ ಸಾಲಾಗಿ ನಿಂತವರು ನಕ್ಕರು. ಹುಲಗಪ್ಪನೂ ನಕ್ಕ.

ಆದರೆ ಸಿನಿಮಾದಲ್ಲಿ ನಗಿಸುವವನೇ ಮೊದಲು ಒದೆ ತಿನ್ನುವುದು.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಹುಲಗಪ್ಪ ಲ್ಯಾಪ್‌ಟಾಪ್ ಆನ್ ಮಾಡಿದ. ಕಂಪನಿಯ ಗುರುತು ಬಂತು. ಅದರ ಕೆಳಗೆ ಬಿಳಿ ಚುಕ್ಕೆಗಳು ಗಾಣದೆತ್ತಿನ ಹಾಗೆ ಎರಡು ಸುತ್ತು ತಿರುಗಿ ನಿಂತವು. ನಿಂತವು ನಿಂತೇಬಿಟ್ಟವು. ಹೊರಗೆ ಮೂವತ್ತು ಜನ; ಎಲ್ಲರ ಅರ್ಜಿ ಕೊನೆಗೆ ಹೋಗಬೇಕಾದದ್ದು ಆ ಲ್ಯಾಪ್‌ಟಾಪಿನಿಂದಲೇ.

"ಶಾಂತ್ಯಾ, ಏನ್ ಮಾಡೀದಿ ಇದಕ್ಕ?"

"ನಾ ಏನೂ ಮಾಡಿಲ್ರಿ ಅಣ್ಣಾರ."

"ಹ್ವಾದ ವಾರ ಇದರಾಗ ಕುಂತು ಮಾತಾಡಿದಾಂವ ಯಾರು? ನಮ್ಮಪ್ಪನೇನು?"

ನನ್ನ ಅಂಗಿಯ ಜೇಬಿಗೆ ಕೈ ಹಾಕಿ ಪೆನ್‌ಡ್ರೈವ್ ಕಿತ್ತುಕೊಂಡ. ಪಾಳಿಯವರಿಗೆಲ್ಲ ಕಾಣುವ ಹಾಗೆ ಎತ್ತಿ ಹಿಡಿದ.

"ನೋಡ್ರಿ, ಇದರಾಗ ವೈರಸ್ ತಂದು ಹಾಕ್ಯಾನ. ಇಂಥಾವ್ರ ಕೈಯಾಗ ಮೊಬೈಲ್ ಕೊಡಬ್ಯಾಡ್ರಿ. ನಿಮ್ಮ ಆಧಾರ್ ನಂಬರ್ ಅಂತೂ ಹೇಳಲೇಬ್ಯಾಡ್ರಿ!"

ಅದನ್ನು ನೆಲಕ್ಕೆ ಹಾಕಿ ಹಿಮ್ಮಡಿಯಿಂದ ಅರೆದ. ಅದರಲ್ಲಿ ನಾನೇ ಬರೆದು, ನಾನೇ ಹೇಳಿ ರೆಕಾರ್ಡ್ ಮಾಡಿದ ಎಂಬತ್ತು ಡೈಲಾಗುಗಳಿದ್ದವು. ಸಬೀನಾ ಕೀಬೋರ್ಡಿನಿಂದ ತಲೆ ಎತ್ತಲಿಲ್ಲ. ನಾನು ಬಾಗಿಲಲ್ಲಿ ನಿಂತು, ಕತ್ತು ಮಾತ್ರ ಹೊರಳಿಸಿ ಹೇಳಿದೆ:

"ನಾ ಹೊಂಟಿಲ್ಲ ಅಣ್ಣಾರ. ಇಂಟರ್‌ವಲ್ ಬಿಟ್ಟೈತಿ, ಅಷ್ಟ."

ಯಾರೂ ಶಿಳ್ಳೆ ಹೊಡೆಯಲಿಲ್ಲ. ಮೆಟ್ಟಿಲ ಬಳಿ ಬಳೆ ಬುಟ್ಟಿ ಇಟ್ಟುಕೊಂಡು ಕೂರುವ ಲಾಲಬೀ ಮಾತ್ರ ಹಿಂದಿನಿಂದ ಕೂಗಿದಳು: "ಬೇಟಾ, ಚಪ್ಪಲ್ ಬಿಟ್ಟು ಹೊಂಟಿ ನೋಡು."

ರಸ್ತೆಯ ಆಚೆ ಬದಿಗೆ ಗೆಳೆಯ ಅಕ್ರಮನ ಮೊಬೈಲ್ ಕವರಿನ ಅಂಗಡಿ. ಅದರ ಮುಂದೆ ಒಂದು ಟೇಬಲ್ ಹಾಕಿ 'ಲ್ಯಾಪ್‌ಟಾಪ್ ರಿಪೇರಿ' ಎಂದು ಬೋರ್ಡು ನಿಲ್ಲಿಸಿದೆ. ಅಷ್ಟರಲ್ಲಿ ಊರು ನನಗೆ ಹೊಸ ನಾಮಕರಣ ಮಾಡಿ ಮುಗಿಸಿತ್ತು: ವೈರಸ್ ಶಾಂತ್ಯಾ. ಸಾಲೆಗೆ ಹೋಗುವ ಹುಡುಗರು ನನ್ನ ಟೇಬಲ್ ದಾಟುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಭೀಮಕ್ಕ ನನ್ನನ್ನು ಕಂಡರೆ ಟಿವಿ ರಿಮೋಟನ್ನು ಸೆರಗಿನಲ್ಲಿ ಬಚ್ಚಿಡುತ್ತಿದ್ದಳು. "ಮುಟ್ಟಬ್ಯಾಡೋ ಯಪ್ಪಾ, ಧಾರಾವಾಹಿ ನಿಂತೀತು!" ಅಕ್ರಮ ಕೂಡ ಒಂದು ದಿನ ಟೇಬಲನ್ನು ಎರಡು ಗೇಣು ದೂರ ಸರಿಸಿದ. "ಗಿರಾಕಿ ಹೆದರ್ತಾರಲೇ" ಎಂದ.

ರಿಪೇರಿ ಮಾಡುವವನಿಗೆ ಕೈಗಿಂತ ಹೆಸರು ಮುಖ್ಯ. ಕೈ ಇತ್ತು, ಹೆಸರು ಹೋಗಿತ್ತು. ನನಗೆ ಬೇಕಾದದ್ದು ಒಂದೇ. ಕೆಡಿಸಿದ ಬಾಯಿಯೇ, ಕೆಡಿಸಿದ ಜಾಗದಲ್ಲೇ, ಅದೇ ಪಾಳಿಯ ಮುಂದೆ 'ತಪ್ಪು ನಂದ' ಎನ್ನಬೇಕು. ಒಂದು ಸಲ ಅಲ್ಲ. ನನ್ನನ್ನು ವೈರಸ್ ಎಂದ ಒಂದೊಂದು ದಿನಕ್ಕೂ ಒಂದೊಂದು ಸಲ.

ದಾರಿ ತೋರಿಸಿದವಳು ಸಬೀನಾ. ಅಂದು ಸುಮ್ಮನಿದ್ದದ್ದು ಅವಳನ್ನು ಕೊರೆಯುತ್ತಿತ್ತೋ ಏನೋ, ಊಟದ ಹೊತ್ತಿನಲ್ಲಿ ಕದ್ದು ಫೋನ್ ಮಾಡಿದಳು. ಲ್ಯಾಪ್‌ಟಾಪ್ ಇನ್ನೂ ದಿನಾ ನಿಲ್ಲುತ್ತಿದೆ. ಕೊಪ್ಪಳಕ್ಕೆ ಒಯ್ದು ಎಲ್ಲ ಅಳಿಸಿ ಹೊಸದಾಗಿ ತುಂಬಿಸಿಕೊಂಡು ಬಂದರೂ ವಾರಕ್ಕೆ ಮತ್ತೆ ಅದೇ ಗೋಳು. ಅದರಿಂದ ನನ್ನ ಕೀರ್ತಿ ಇನ್ನೂ ಬೆಳೆದಿತ್ತು. ಅಳಿಸಿದರೂ ಹೋಗದ ವೈರಸ್ ಹಾಕಿದವನು ನಾನು!

"ನಿಲ್ಲೂದು ಯಾವಾಗ?" ಎಂದೆ.

"ಮುಂಜಾನಿ, ಮೊದಲನೇ ಸಲ."

"ನಡುವ ರೀಸ್ಟಾರ್ಟ್ ಮಾಡಿದ್ರ?"

"ಅವಾಗ ಏನೂ ಆಗೂದಿಲ್ಲ. ಛಲೋ ಬರತೈತಿ."

"ಮತ್ತ ಮುಂಜಾನಿ ಹೆಂಗ ಎಬ್ಬಿಸ್ತೀರಿ?"

"ಚಾರ್ಜರ್ ಕಿತ್ತು, ಬ್ಯಾಟರಿ ಪೂರಾ ಇಳಿಯೂ ತನಕ ಕಾಯ್ತೀವಿ. ತಾಸು ಹಿಡಿತೈತಿ. ಬಟನ್ ಒತ್ತಿ ಹಿಡದ್ರ ಸುಟ್ಟು ಹೋಗತೈತಿ ಅಂತ ಯಾರೋ ಹೇಳ್ಯಾರಂತ. ಅಣ್ಣಾರು ಮುಟ್ಟಾಕ ಬಿಡೂದಿಲ್ಲ."

ನನಗೆ ಕಥೆ ಪೂರ್ತಿ ತಿಳಿಯಿತು. ಈಗಿನ ಲ್ಯಾಪ್‌ಟಾಪುಗಳು ಬಂದ್ ಮಾಡಿದರೆ ಪೂರ್ತಿ ಬಂದ್ ಆಗುವುದಿಲ್ಲ. ಬೆಳಿಗ್ಗೆ ಬೇಗ ಏಳಬೇಕೆಂದು, ಆಪರೇಟಿಂಗ್ ಸಿಸ್ಟಂ ತನ್ನ ಅರ್ಧ ನೆನಪನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಬೆಳಿಗ್ಗೆ ಹೊಸದಾಗಿ ಶುರು ಮಾಡದೆ ನಿನ್ನೆಯ ಕಥೆಯನ್ನೇ ಮುಂದುವರಿಸುತ್ತದೆ. ಯಾವುದೋ ಅಪ್‌ಡೇಟ್ ಬಂದ ಮೇಲೆ ಒಳಗಿನ ಒಂದು ಭಾಗ ಆ ನಿದ್ದೆಯಿಂದ ಏಳುತ್ತಿರಲಿಲ್ಲ. ಉಳಿದ ಭಾಗಗಳೆಲ್ಲ ಅದಕ್ಕಾಗಿ ಕಾಯುತ್ತ ನಿಲ್ಲುತ್ತಿದ್ದವು. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಮೊದಲಿನಿಂದ ಶುರು. ಸತ್ತಂತೆ ಬಿದ್ದ ವಿಲನ್ ಒಂದು ಕಣ್ಣು ತೆರೆದುಕೊಂಡೇ ಇರುತ್ತಾನಲ್ಲ, ಆ ಲ್ಯಾಪ್‌ಟಾಪೂ ಹಾಗೆಯೇ. ಪಾಪ, ಹುಲಗಪ್ಪ ದಿನಾ ಸಂಜೆ ಅದನ್ನು ಬಂದ್ ಮಾಡಿ, ಟವೆಲ್ ಹೊದಿಸಿ, ಊದಿನಕಡ್ಡಿ ಬೆಳಗಿ ಹೋಗುತ್ತಿದ್ದ. ಎಷ್ಟು ಮರ್ಯಾದೆಯಿಂದ ಮಲಗಿಸುತ್ತಿದ್ದನೋ ಅಷ್ಟು ಖಾತ್ರಿಯಾಗಿ ಅದು ಬೆಳಿಗ್ಗೆ ಕೈ ಕೊಡುತ್ತಿತ್ತು.

ಮದ್ದು ಸಣ್ಣದು. ಪವರ್ ಸೆಟ್ಟಿಂಗ್ ಒಳಗೆ 'ಫಾಸ್ಟ್ ಸ್ಟಾರ್ಟಪ್' ಎಂಬುದರ ಮುಂದಿನ ಒಂದು ಟಿಕ್ ತೆಗೆದರೆ ಮುಗಿಯಿತು. ಅದನ್ನು ತೆಗೆಯುವ ತನಕ, ನಿಂತಾಗಲೆಲ್ಲ ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ನಿಜವಾಗಿ ಮಲಗಿಸಿ, ಮತ್ತೆ ಎಬ್ಬಿಸಬೇಕು. ಸುಡುವುದಿಲ್ಲ, ಗಿಡುವುದಿಲ್ಲ.

ಅಂದೇ ಸಬೀನಾಗೆ ಹೇಳಬಹುದಿತ್ತು. ಹೇಳಲಿಲ್ಲ. ಕಾದೆ.

ನಾನು ವೈರಸ್ ಆದ ನಲವತ್ತೊಂದನೇ ದಿನ ಯಾವುದೋ ಅರ್ಜಿಗೆ ಕೊನೆಯ ತಾರೀಖು. ಪಾಳಿ ರಸ್ತೆಗೆ ಬಂದಿತ್ತು. ಹುಲಗಪ್ಪ ತಾನೇ ರಸ್ತೆ ದಾಟಿ ಬಂದ. ನನ್ನ ತಲೆಯೊಳಗೆ ತಮಟೆ ಮೊಳಗತೊಡಗಿತು.

"ಶಾಂತ್ಯಾ, ಬಾ. ನಿನ್ನ ವೈರಸ್ ತಕ್ಕೊಂಡು ಹೋಗು."

"ಹಾಕಿದ್ರ ತಕ್ಕೊಂಡು ಹೋಗ್ತಿದ್ದೆ ಅಣ್ಣಾರ. ಆದ್ರ ಅದನ್ನ ಎಬ್ಬಿಸಾಕ ಬರತೈತಿ ನನಗ."

"ಎಬ್ಬಿಸು ಮತ್ತ!"

"ನಾ ಮುಟ್ಟೂದಿಲ್ಲ. ಮುಟ್ಟಿದ್ರ ಮತ್ತ ವೈರಸ್ ಅಂತೀರಿ. ನಾ ಹೇಳ್ತೀನಿ, ನೀವು ಮಾಡ್ರಿ. ಸುಟ್ಟರ ಹೊಸಾದು ನಾ ಕೊಡಸ್ತೀನಿ."

ಸೆಂಟರ್‌ಗೆ ಹೋದೆವು. ಜನ ಕಿಟಕಿಗೆ ಜೋತುಬಿದ್ದರು. ನಾನು ಒಂದು ಚೀಟಿ ತೆಗೆದು ಅವನ ಕೈಗಿಟ್ಟೆ. ಮನೆಯಲ್ಲಿ ಫೋನಿನ ಗಡಿಯಾರ ಹಿಡಿದು ಹತ್ತು ಸಲ ಓದಿ, ತಿದ್ದಿ, ಸರಿಯಾಗಿ ಹತ್ತು ಸೆಕೆಂಡಿಗೆ ಕೂರಿಸಿದ ಮಾತು ಅದು.

"ಬಟನ್ ಒತ್ತಿ ಹಿಡೀರಿ. ಇದನ್ನ ಓದಿ ಮುಗಿಸೂ ತನಕ ಬಿಡಬ್ಯಾಡ್ರಿ."

ಅವನು ಓದಿಕೊಂಡ. ಕಿವಿ ಕೆಂಪಾದವು. "ಇದೇನಲೇ ಇದು? ನಾ ಎಣಿಸ್ತೀನಿ. ಒಂದು, ಎರಡು..."

"ಎಣಿಕಿ ಗಡಿಬಿಡಿ ಆಗತೈತಿ ಅಣ್ಣಾರ. ನಾಕರಿಂದ ಎಂಟಕ್ಕ ಹಾರತೀರಿ. ಮಾತು ಹಂಗ ಹಾರೂದಿಲ್ಲ. ಮತ್ತ ಇಲ್ಲಿ ನೋಡ್ರಿ, ಈ ಸಣ್ಣ ತೂತು. ಇದು ಮೈಕ್."

ಅದು ಮೈಕೇ. ಅದಕ್ಕೂ ಲ್ಯಾಪ್‌ಟಾಪ್ ಏಳುವುದಕ್ಕೂ ಸಂಬಂಧ ಇದೆಯೆಂದು ನಾನೇನೂ ಹೇಳಲಿಲ್ಲ.

"ಓದ್ರೀ ಯಪ್ಪಾ, ಬಸ್ಸಿಗೆ ಹೊತ್ತಾತು!" ಪಾಳಿಯಿಂದ ಯಾರೋ ಕೂಗಿದರು.

ಹುಲಗಪ್ಪ ಬಟನ್ ಒತ್ತಿ, ಸತ್ಯನಾರಾಯಣ ಪೂಜೆಯ ಸಂಕಲ್ಪದ ಹಾಗೆ ಗುಣುಗುಣು ಎಂದು ಮೂರೇ ಸೆಕೆಂಡಿಗೆ ಮುಗಿಸಿ ಬೆರಳು ತೆಗೆದ. ಚುಕ್ಕೆಗಳು ಅಲುಗಲಿಲ್ಲ.

"ಜೋರಾಗಿ ಅಣ್ಣಾರ. ನಿಧಾನಕ್ಕ. ಕೊನೀ ಮೆಟ್ಟಲದಾಗ ಕುಂತ ಲಾಲಬೀಗೂ ಕೇಳಬೇಕು."

ಅವನು ಹಲ್ಲು ಕಚ್ಚಿ, ಮತ್ತೆ ಒತ್ತಿ ಹಿಡಿದು ಓದಿದ:

"ಯಲಬುರ್ಗಾದ ಮಂದಿ ಮುಂದ ಹೇಳ್ತೀನಿ. ಶಾಂತಕುಮಾರ ವೈರಸ್ ಹಾಕಿಲ್ಲ. ಅಂವನ ಹೆಸರು ಕೆಡಿಸಿದಾಂವ ನಾನ. ತಪ್ಪು ನಂದ."

'ನಂದ' ಎನ್ನುವ ಹೊತ್ತಿಗೆ ಪರದೆ ಕಪ್ಪಾಗಿತ್ತು. ಮತ್ತೆ ಒತ್ತಿದ. ಚುಕ್ಕೆಗಳು ತಿರುಗಿದವು, ನಿಲ್ಲಲಿಲ್ಲ. ಪಾಳಿಯವರು ಚಪ್ಪಾಳೆ ಹೊಡೆದರು. ನಾನು ಫೋನನ್ನು ಜೇಬಿಗಿಳಿಸಿದೆ. ರೆಕಾರ್ಡ್ ಆಗಿತ್ತು.

ಟಿಕ್ ಮಾತ್ರ ತೆಗೆಯಲಿಲ್ಲ. ಸಂಜೆ ಹುಲಗಪ್ಪ ಮತ್ತೆ ಮರ್ಯಾದೆಯಿಂದ ಬಂದ್ ಮಾಡಿ ಟವೆಲ್ ಹೊದಿಸಿದ. ಬೆಳಿಗ್ಗೆ ಮತ್ತೆ ನಿಂತಿತು. ಬೆಳಿಗ್ಗೆ ಮತ್ತೆ 'ಯಲಬುರ್ಗಾದ ಮಂದಿ ಮುಂದ'. ಮೂರನೇ ದಿನ ರಸ್ತೆಯ ಈಚೆಗೂ ಕೇಳಿಸತೊಡಗಿತು. ಐದನೇ ದಿನ ಅಕ್ರಮ ನನ್ನ ಟೇಬಲನ್ನು ತಾನೇ ಎತ್ತಿ ಮೊದಲಿನ ಜಾಗಕ್ಕೆ ಇಟ್ಟ. ಹತ್ತನೇ ದಿನ ಕುಕನೂರಿನಿಂದ ಒಬ್ಬರು ಲ್ಯಾಪ್‌ಟಾಪ್ ತಂದುಕೊಟ್ಟರು, "ದಿನಾ ಮುಂಜಾನಿ ಹೇಳ್ತಾರಲ್ಲ, ಆ ಹುಡುಗ ನೀವೇನ್ರಿ?" ಎಂದು ಕೇಳಿದರು. ಭೀಮಕ್ಕ ರಿಮೋಟ್ ಹೊರಗೆ ತೆಗೆದಳು.

ಸಬೀನಾಗೆ ಅಷ್ಟರಲ್ಲಿ ವಿಷಯ ಹೇಳಿದ್ದೆ. "ಸಾಕು, ಟಿಕ್ ತೆಗಿ ಇನ್ನ" ಎಂದಳು.

"ನಲವತ್ತೊಂದು ದಿನ ಅನ್ನಿಸಿಕೊಂಡೀನಿ. ನಲವತ್ತೊಂದು ಮುಂಜಾನಿ ಅಂವ ಅನಬೇಕು."

"ನಿಂದು ಅತೀ ಆತು ನೋಡು."

ಅತಿಯೇ ಆಯಿತು. ಇಪ್ಪತ್ತನೇ ದಿನ ಆಸೆ ಹೆಚ್ಚಿ, ಚೀಟಿಗೆ 'ಅಂವ ಬಂಗಾರದಂಥಾ ಹುಡುಗ' ಎಂದು ಸೇರಿಸಿದೆ. ಥಂಡಿ ಶುರುವಾಗಿದೆ, ಯಂತ್ರ ನಿಧಾನ, ಮಾತು ಉದ್ದ ಬೇಕು ಎಂದೆ. ಹುಲಗಪ್ಪ ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದ. ಆದರೂ ಓದಿದ. ಅವನು ಮೋಟಾರು, ಸ್ಟಾರ್ಟರುಗಳ ಜೊತೆ ಬೆಳೆದ ಮನುಷ್ಯ, ದಡ್ಡನಲ್ಲ. ಇಪ್ಪತ್ತಾರನೇ ದಿನ, ಯಾರೂ ಬರುವ ಮೊದಲೇ ಒಬ್ಬನೇ ಬಂದು, ಬಾಯಿ ಮುಚ್ಚಿಕೊಂಡು ಬಟನ್ ಒತ್ತಿ ಹಿಡಿದು ನೋಡಿದ್ದಾನೆ.

ಮೊದಲ ಬಸ್ಸು ಬರುವ ಹೊತ್ತಿಗೆ ರಸ್ತೆಯಲ್ಲಿ ನನ್ನ ಕಾಲರ್ ಅವನ ಕೈಯಲ್ಲಿತ್ತು.

"ಮಾತಿಲ್ಲದನೂ ಏಳತೈತಿ! ಸುಮ್ನ ಒತ್ತಿ ಹಿಡದ್ರ ಸಾಕು! ನೋಡ್ರೀ, ಈ ಸೂಳೀಮಗ ನನ್ನ ಕಡಿಂದ ಇಪ್ಪತ್ತೈದು ದಿನ ಸುಳ್ಳು ಹೇಳ್ಸ್ಯಾನ!"

ಸಿಕ್ಕಿಬಿದ್ದಿದ್ದೆ. ಎಂಬತ್ತು ಡೈಲಾಗು ಬರೆದವನಿಗೆ ಒಂದೂ ನೆನಪಾಗಲಿಲ್ಲ. ಮತ್ತೆ ವೈರಸ್ ಆಗಲು ಒಂದು ಕ್ಷಣ ಸಾಕಿತ್ತು. ಜನರ ಮುಖಗಳು ಆಗಲೇ ಹೊರಳುತ್ತಿದ್ದವು. ಆಗ ಲಾಲಬೀ ಬಳೆ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತಳು.

"ಸುಳ್ಳು ಅಂದ್ಯಲ್ಲ ಹುಲಗಪ್ಪಾ, ಯಾವುದು ಸುಳ್ಳು? ಅಂವ ವೈರಸ್ ಹಾಕ್ಯಾನೇನು?"

"ಅದು... ಹಾಕಿಲ್ಲ."

"ಅಂವನ ಹೆಸರು ಕೆಡಿಸಿದಾಂವ ಯಾರು? ನಾನೇನು?"

ಹುಲಗಪ್ಪ ನೆಲ ನೋಡಿದ.

"ಮತ್ತ ಖರೇ ಮಾತ ಆತಲ್ಲಪಾ. ಖರೇ ಮಾತು ಹೇಳಾಕ ನಿನಗ ಬಟನ್ ಯಾಕ ಬೇಕಾತು?"

ಪಾಳಿ ಹೋ ಎಂದು ನಕ್ಕಿತು. ಕಾಲರ್ ಮೇಲಿನ ಕೈ ಸಡಿಲವಾಯಿತು. ಹುಲಗಪ್ಪ ಒಳಗೆ ಹೋಗಿ ಕುರ್ಚಿಯಲ್ಲಿ ಕುಕ್ಕರಿಸಿದ. ನಾನೂ ಹಿಂದೆಯೇ ಹೋದೆ.

"ಇದರ ರೋಗ ಪೂರಾ ವಾಸಿ ಮಾಡಾಕ ಬರತೈತೇನು ನಿನಗ?" ಎಂದ, ಮುಖ ನೋಡದೆ.

"ಬರತೈತಿ. ಒಂದು ಟಿಕ್ ತೆಗೀಬೇಕು."

"ಒಂದ?"

"ಒಂದ ಅಣ್ಣಾರ."

ಅವನ ದವಡೆ ಅಲುಗಿತು. "ತೆಗಿ. ಆದ್ರ ಆ ಮಾತು ಇನ್ನ ನನ್ನ ಬಾಯಾಗ ಬರೂದಿಲ್ಲ. ನಾಳಿಂದ ಒಂದು ದಿನಾನೂ ಹೇಳೂದಿಲ್ಲ, ತಿಳ್ಕೊ. ಪೆನ್‌ಡ್ರೈವ್ ತುಳದದ್ದಕ್ಕೂ ತಪ್ಪಾತು ಅನ್ನೂದಿಲ್ಲ."

ಆ ಕೊನೆಯ ಮಾತು ಅವನು ಆಡಬಾರದಿತ್ತು.

"ಬ್ಯಾಡ ಬಿಡ್ರಿ ಅಣ್ಣಾರ" ಎಂದೆ. "ನೀವು ಹೇಳೂದ ಬ್ಯಾಡ. ಐದು ನಿಮಿಷ ಕುರ್ಚಿ ಬಿಡ್ರಿ."

ಅವನು ಚಹಾ ಕುಡಿಯಲು ಹೋದ. ಟಿಕ್ ತೆಗೆಯಲು ನನಗೆ ಬೇಕಾದದ್ದು ಅರ್ಧ ನಿಮಿಷ. ಉಳಿದ ನಾಲ್ಕೂವರೆ ನಿಮಿಷ ಬೇರೆ ಕೆಲಸವಿತ್ತು. ನಲವತ್ತೊಂದರಲ್ಲಿ ಇನ್ನೂ ಹದಿನಾರು ಬೆಳಗು ಉಳಿದಿದ್ದವಲ್ಲ. ಸಬೀನಾ ಎಲ್ಲ ನೋಡಿದಳು. ಈ ಸಲವೂ ಕೀಬೋರ್ಡಿನಿಂದ ತಲೆ ಎತ್ತಲಿಲ್ಲ. ಭುಜ ಮಾತ್ರ ಕುಲುಕುತ್ತಿತ್ತು.

ಮರುದಿನ ನನ್ನ ಟೇಬಲ್ ಹತ್ತಿರ ಕುಳಿತು ನೋಡಿದೆ. ಪಾಳಿ ಸೇರಿತ್ತು. ಹುಲಗಪ್ಪ ಟವೆಲ್ ತೆಗೆದ. ಬಟನನ್ನು ಒಮ್ಮೆ ಮುಟ್ಟಿದ, ಅಷ್ಟೇ. ಪರದೆ ತಡವಿಲ್ಲದೆ ಬೆಳಗಿತು. ಅವನು ಎದೆ ಸೆಟೆಸಿ ಪಾಳಿಯ ಕಡೆಗೆ ತಿರುಗಿ ಮೀಸೆಯ ಮೇಲೆ ಕೈ ಹಾಕಿದ.

ಆಗ ಅವನ ಬೆನ್ನ ಹಿಂದಿನಿಂದ ಲ್ಯಾಪ್‌ಟಾಪ್, ಅವನದೇ ದನಿಯಲ್ಲಿ, ಗಂಟಲು ಕಿತ್ತುಹೋಗುವ ಹಾಗೆ ಶುರು ಮಾಡಿತು:

"ಯಲಬುರ್ಗಾದ ಮಂದಿ ಮುಂದ ಹೇಳ್ತೀನಿ..."

ಲಾಲಬೀಯ ಬಳೆ ಬುಟ್ಟಿ ನಗೆಗೆ ಗಲಗಲ ಅಲುಗಿತು. ಹುಲಗಪ್ಪ ಎರಡೂ ಅಂಗೈಯಿಂದ ಲ್ಯಾಪ್‌ಟಾಪಿನ ಬಾಯಿ ಮುಚ್ಚಲು ನೋಡಿದ. ಬಾಯಿ ಎಲ್ಲಿದೆ ಎಂದು ಗೊತ್ತಾಗದೆ ರಸ್ತೆಯ ಈಚೆಗೆ ಕೂಗಿದ.

"ಶಾಂತ್ಯಾ! ಲೇ ಶಾಂತ್ಯಾ! ಇದನ್ನ ಹೆಂಗ ಸುಮ್ಮನಾಗ್ಸೂದಲೇ?"

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು, ನಿಧಾನಕ್ಕೆ ಎದ್ದು ನಿಂತು, ಇಡೀ ಬಸ್ ನಿಲ್ದಾಣಕ್ಕೆ ಕೇಳುವ ಹಾಗೆ ಹೇಳಿದೆ:

"ಬಟನ್ ಒತ್ತಿ ಹಿಡೀರಿ ಅಣ್ಣಾರ. ಹತ್ತು ಸೆಕೆಂಡ್!"